ಒಂದು ಬಿರುದು, ಇಬ್ಬರು ಒಡೆಯರು: ಮಾರ್ ಮನೆತನದ ಹಳೆಯ ವ್ಯಾಜ್ಯ

ಪ್ರಶ್ನೆ: ನಾನು ಮೂರು ವರ್ಷದಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸದಲ್ಲಿದ್ದೇನೆ. ಈಚೆಗೆ ಮನೆಯವರೊಂದಿಗೆ ಕಿಲ್‌ಡ್ರಮ್ಮಿ ಮತ್ತು ಬ್ರೇಮಾರ್ ಕೋಟೆಗಳನ್ನು ನೋಡಿಬಂದೆವು. ಎರಡೂ ಕಡೆ ‘ಅರ್ಲ್ ಆಫ್ ಮಾರ್’ ಎಂಬ ಹೆಸರೇ ಹೆಸರು. ಮನೆಗೆ ಬಂದು ಓದಿದರೆ ಆ ಬಿರುದು ಈ ಕಾಲದಲ್ಲಿ ಎರಡು ಬೇರೆ ಬೇರೆ ಕುಟುಂಬಗಳ ಬಳಿ ಇದೆಯಂತೆ; ಒಂದು ಕಡೆ ಅದನ್ನು ಹೊತ್ತವರು ಮಹಿಳೆ. 1715ರಲ್ಲಿ ದಂಗೆ ಎದ್ದ ಅರ್ಲ್‌ನನ್ನು ಒಂದು ಪುಸ್ತಕ 6ನೆಯವನು ಎನ್ನುತ್ತದೆ, ಇನ್ನೊಂದು 11ನೆಯವನು ಎನ್ನುತ್ತದೆ, ಮತ್ತೊಂದು 23ನೆಯವನು ಎನ್ನುತ್ತದೆ. ಒಂದೇ ಬಿರುದಿಗೆ ಇಬ್ಬರು ಒಡೆಯರಾಗುವುದು ಹೇಗೆ? ಇವೆರಡರಲ್ಲಿ ಅಸಲಿ ಯಾವುದು?

ಉತ್ತರ: ಕಾನೂನಿನ ಪ್ರಕಾರ ಎರಡೂ ಅಸಲಿ, ಏಕೆಂದರೆ ಬ್ರಿಟಿಷ್ ಪಾರ್ಲಿಮೆಂಟು ಹಾಗೆಂದು ಕಾಯಿದೆಯನ್ನೇ ಮಾಡಿದೆ. ಚರಿತ್ರೆಯ ಪ್ರಕಾರ ಕೇಳಿದರೆ ನನ್ನ ಉತ್ತರ ಬೇರೆ. ಒಂದು ಬಿರುದು ಎಂಟುನೂರು ವರ್ಷಕ್ಕೂ ಹಳೆಯದು. ಇನ್ನೊಂದು 1875ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ, ಮೂವರು ದೊಡ್ಡ ಮನುಷ್ಯರ ಬಾಯಲ್ಲಿ ಹುಟ್ಟಿ, 1565ರ ಜನ್ಮದಿನಾಂಕ ಬರೆಸಿಕೊಂಡದ್ದು.

ಸಿವಿಲ್ ನ್ಯಾಯಾಲಯಗಳಲ್ಲಿ ನಲವತ್ತು ವರ್ಷ ಜಮೀನು ವ್ಯಾಜ್ಯಗಳ ಕಡತ ತಿರುವಿದವನು ನಾನು. ಮಾರ್ ಪ್ರಕರಣ ಮೊದಲ ಸಲ ಓದಿದಾಗ ನಗು ಬಂತು. ವಂಶವೃಕ್ಷ, ಕಳೆದುಹೋದ ಮೂಲಪತ್ರ, ಜೀವಾವಧಿ ಹಕ್ಕಷ್ಟೇ ಇದ್ದವನು ಬರೆದುಕೊಟ್ಟ ಪತ್ರ, ಸೋದರಳಿಯನಿಗೂ ದಾಯಾದಿಗೂ ಜಗಳ: ನಮ್ಮ ಯಾವ ತಾಲ್ಲೂಕು ಕಚೇರಿಯಲ್ಲಾದರೂ ಸಿಗುವ ಸಾಮಾನೇ. ವ್ಯತ್ಯಾಸವೆಂದರೆ ಅಲ್ಲಿ ನಡುವೆ ಕೋಟೆಗಳಿವೆ.

ಮೊದಲು ಆ ನೆಲ. ಡೀ ಮತ್ತು ಡಾನ್ ಎಂಬ ಎರಡು ನದಿಗಳ ನಡುವಿನ ಸೀಮೆಗೆ ಮಾರ್ ಎಂದು ಹೆಸರು. ನೀವಿರುವ ಅಬರ್ಡೀನ್ ಆ ಎರಡು ನದಿಗಳೂ ಸಮುದ್ರ ಸೇರುವ ಜಾಗದಲ್ಲಿದೆ. ಸ್ಕಾಟ್ಲೆಂಡಿನಲ್ಲಿ ‘ಅರ್ಲ್’ ಎಂಬ ಪದ ಬಳಕೆಗೆ ಬರುವ ಮೊದಲು ಇಂಥ ಸೀಮೆಯ ಒಡೆಯನನ್ನು ಗೇಲಿಕ್ ಭಾಷೆಯಲ್ಲಿ ‘ಮೊರ್ಮೇರ್’ ಎನ್ನುತ್ತಿದ್ದರು. ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ‘ಬುಕ್ ಆಫ್ ಡಿಯರ್’ ಎಂಬ ಪುಟ್ಟ ಹಸ್ತಪ್ರತಿಯ ಅಂಚುಗಳಲ್ಲಿ 12ನೆಯ ಶತಮಾನದ ಗೇಲಿಕ್ ಟಿಪ್ಪಣಿಗಳಿವೆ. ಮಠಕ್ಕೆ ಯಾರು ಯಾವ ಭೂಮಿ ಬಿಟ್ಟರು ಎಂಬ ಲೆಕ್ಕ ಅದು. ಅದರಲ್ಲಿ ಸಾಕ್ಷಿಯಾಗಿ ರುವಾರಿ ಎಂಬ ಮಾರ್ ಸೀಮೆಯ ಮೊರ್ಮೇರ್ ಬರುತ್ತಾನೆ. ಅವನಿಗೆ ಯಾವ ರಾಜನೂ ಬಿರುದಿನ ಸನ್ನದು ಬರೆದುಕೊಟ್ಟಿರಲಿಲ್ಲ. ಆ ಸೀಮೆ ಅವನದಾಗಿತ್ತು, ಆದ್ದರಿಂದ ಪದವಿಯೂ ಅವನದಾಗಿತ್ತು. ಈ ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೃಷ್ಟಿಪತ್ರವೇ ಇಲ್ಲದ ಬಿರುದು ಇದು. ಮುಂದಿನ ಗೊಂದಲಕ್ಕೆಲ್ಲ ಮೂಲ ಇಲ್ಲೇ ಇದೆ.

ಇಂಥ ಹಳೆಯ ಸ್ಕಾಟಿಷ್ ಅರ್ಲ್ ಪದವಿಗಳು ಹೆಣ್ಣಿಗೂ ಇಳಿಯುತ್ತಿದ್ದವು. ನಮ್ಮ ಕರಾವಳಿಯ ಅಳಿಯಸಂತಾನದ ಹಾಗಲ್ಲ. ಗಂಡುಮಕ್ಕಳಿದ್ದರೆ ಮೊದಲ ಹಕ್ಕು ಅವರದೇ. ಗಂಡಿಲ್ಲದಿದ್ದಾಗ ದೂರದ ದಾಯಾದಿಯನ್ನು ಹುಡುಕಿಕೊಂಡು ಹೋಗದೆ ಮಗಳಿಗೆ ಕೊಡುತ್ತಿದ್ದರು. ಇಂಗ್ಲೆಂಡಿನ ಹಳೆಯ ಬ್ಯಾರನ್ ಪದವಿಗಳಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ ಬಿರುದು ಇಬ್ಬರ ನಡುವೆ ತೂಗಾಡುತ್ತ ಯಾರಿಗೂ ದಕ್ಕದೆ ನಿಲ್ಲುತ್ತದೆ. ಸ್ಕಾಟ್ಲೆಂಡಿನಲ್ಲಿ ಆ ತಾಪತ್ರಯವಿಲ್ಲ, ಹಿರಿಯಳು ತೆಗೆದುಕೊಳ್ಳುತ್ತಾಳೆ.

ಮಾರ್ ಮನೆತನದಲ್ಲಿ ಹಾಗೆಯೇ ಆಯಿತು. ರಾಜಪ್ರತಿನಿಧಿಯಾಗಿದ್ದ ಡೊನಾಲ್ಡ್ ಅರ್ಲ್ 1332ರಲ್ಲಿ ಡಪ್ಲಿನ್ ಮೂರ್ ಕದನದಲ್ಲಿ ಸತ್ತ. ಅವನ ಮಗ ಥಾಮಸ್‌ಗೆ ಮಕ್ಕಳಾಗಲಿಲ್ಲ. ಥಾಮಸ್‌ನ ತಂಗಿ ಮಾರ್ಗರೆಟ್ ಡಗ್ಲಸ್ ಮನೆತನದ ಅರ್ಲ್‌ನನ್ನು ಮದುವೆಯಾಗಿದ್ದಳು. ಬಿರುದು ಅವಳಿಗೆ ಬಂತು. ಅವಳ ಮಗ ಜೇಮ್ಸ್ 1388ರಲ್ಲಿ ಆಟರ್ಬರ್ನ್ ಯುದ್ಧದಲ್ಲಿ ಮಡಿದ. ಕೊನೆಗೆ ಎಲ್ಲವೂ ಮಗಳು ಇಸಬೆಲ್ ಡಗ್ಲಸ್‌ಳ ಪಾಲಿಗೆ ಬಂತು.

ಇಸಬೆಲ್‌ಳ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವು ಕಿಲ್‌ಡ್ರಮ್ಮಿಯ ಹೆಬ್ಬಾಗಿಲ ಅವಶೇಷವನ್ನು ದಾಟಿ ಒಳಗೆ ಹೋಗಿದ್ದೀರಲ್ಲ, ಅದು ನಡೆದದ್ದು ಅಲ್ಲಿಯೇ.

ಅವಳ ಗಂಡ ಮಾಲ್ಕಮ್ ಡ್ರಮಂಡ್ ಸುಮಾರು 1402ರಲ್ಲಿ ಯಾರದೋ ಸೆರೆಯಲ್ಲಿ ಸತ್ತ. ಅನುಮಾನದ ಬೆರಳು ಬಾಡೆನಾಕ್ ಕಡೆಗೆ ತಿರುಗಿತು. ಅಲ್ಲಿದ್ದವನು ರಾಜ 2ನೆಯ ರಾಬರ್ಟ್‌ನ ಮಗ, ‘ಬಾಡೆನಾಕ್‌ನ ತೋಳ’ ಎಂದೇ ಹೆಸರಾದ ಅಲೆಕ್ಸಾಂಡರ್ ಸ್ಟೂವರ್ಟ್. ಅವನಿಗೆ ಮದುವೆಯಾಚೆ ಹುಟ್ಟಿದ ಮಗನೊಬ್ಬನಿದ್ದ, ಅವನ ಹೆಸರೂ ಅಲೆಕ್ಸಾಂಡರ್. ಈ ಮಗ 1404ರಲ್ಲಿ ಪಡೆ ಕಟ್ಟಿಕೊಂಡು ಬಂದು ಕಿಲ್‌ಡ್ರಮ್ಮಿಯನ್ನು ಹಿಡಿದ. ಒಳಗೆ ವಿಧವೆ ಕೌಂಟೆಸ್, ಅಂದರೆ ಅರ್ಲ್ ಪದವಿ ಹೊತ್ತ ಹೆಣ್ಣು ಇಸಬೆಲ್. ಆಗಸ್ಟ್ 12ರಂದು ಅವಳಿಂದ ಒಂದು ಪತ್ರ ಬರೆಸಿಕೊಂಡ: ಮಾರ್ ಸೀಮೆ ತನಗೆ, ತಮ್ಮಿಬ್ಬರಿಗೆ ಮಕ್ಕಳಾದರೆ ಅವರಿಗೆ, ಆಗದಿದ್ದರೆ ತನ್ನ ವಾರಸುದಾರರಿಗೆ. ಅಂದರೆ ಅವಳ ರಕ್ತಸಂಬಂಧಿಗಳು ಪೂರ್ತಿ ಹೊರಗೆ.

ರಾಜ ಈ ಪತ್ರವನ್ನು ಒಪ್ಪಿ ಸ್ಥಿರಪಡಿಸಲಿಲ್ಲ. ಕತ್ತಿಯ ಮೊನೆಯಲ್ಲಿ ಬರೆಸಿದ ಪತ್ರ ನಿಲ್ಲುವುದಿಲ್ಲವೆಂದು ಅಲೆಕ್ಸಾಂಡರ್‌ಗೂ ಯಾರೋ ಬುದ್ಧಿವಂತ ವಕೀಲ ಹೇಳಿರಬೇಕು. ಕೆಲವು ತಿಂಗಳೊಳಗೆ ಅದೇ ಕೋಟೆಯ ಬಾಗಿಲಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬಿಷಪ್ ಬಂದಿದ್ದಾನೆ, ಸೀಮೆಯ ಒಕ್ಕಲುಗಳು ನೆರೆದಿದ್ದಾರೆ. ಅಲೆಕ್ಸಾಂಡರ್ ಕೋಟೆಯನ್ನೂ ಅದರೊಳಗಿನ ಬೆಳ್ಳಿಯ ಪಾತ್ರೆಗಳನ್ನೂ ಕಾಗದಪತ್ರಗಳನ್ನೂ ಕೌಂಟೆಸ್‌ಗೆ ಹಿಂತಿರುಗಿಸುತ್ತಾನೆ. ಬೀಗದ ಕೈಗಳನ್ನು ಅವಳ ಕೈಗೇ ಕೊಡುತ್ತಾನೆ. ಅವಳು ಬೀಗದ ಕೈ ಹಿಡಿದು ನಿಂತು, ಎಲ್ಲರೆದುರು, ‘ಸ್ವಂತ ಇಚ್ಛೆಯಿಂದ’ ಅವನನ್ನೇ ಗಂಡನೆಂದು ಆರಿಸಿಕೊಳ್ಳುತ್ತಾಳೆ. ನೋಂದಣಿ ಕಚೇರಿಯಲ್ಲಿ ‘ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ’ ಎಂದು ಓದಿಹೇಳುವಾಗ ತಲೆ ತಗ್ಗಿಸಿ ನಿಂತ ಎಷ್ಟು ಹೆಂಗಸರನ್ನು ನೋಡಿದ್ದೇನೋ ನಾನು. ಅದಿರಲಿ. ಡಿಸೆಂಬರ್ 9ರಂದು ಬರೆದ ಹೊಸ ಪತ್ರದಲ್ಲಿ ಒಂದು ಸಾಲು ಬದಲಾಗಿತ್ತು. ಇಬ್ಬರಿಗೂ ಮಕ್ಕಳಾಗದಿದ್ದರೆ ಬಿರುದೂ ಭೂಮಿಯೂ ಇಸಬೆಲ್‌ಳ ವಾರಸುದಾರರಿಗೆ ಹೋಗಬೇಕು. ಗಂಡ ಬದುಕಿರುವವರೆಗೆ ಅನುಭವಿಸಬಹುದು, ಅಷ್ಟೇ. 1405ರ ಜನವರಿಯಲ್ಲಿ 3ನೆಯ ರಾಬರ್ಟ್ ರಾಜ ಈ ಎರಡನೆಯ ಪತ್ರಕ್ಕೆ ಮುದ್ರೆ ಒತ್ತಿದ.

ಇಸಬೆಲ್ 1408ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಅಲೆಕ್ಸಾಂಡರ್ ಇನ್ನೂ 27 ವರ್ಷ ಬದುಕಿದ್ದ. ಕೋಟೆಗೆ ನುಗ್ಗಿದ ಪುಂಡ ಮುಂದೆ ದೊಡ್ಡ ರಾಜನೀತಿಜ್ಞನೇ ಆದ. 1411ರಲ್ಲಿ ಹಾರ್ಲಾ ಎಂಬಲ್ಲಿ ದ್ವೀಪಗಳ ಒಡೆಯನ ಸೈನ್ಯವನ್ನು ತಡೆದು ಅಬರ್ಡೀನ್ ಉಳಿಸಿದವನು ಅವನೇ. ಆದರೆ 1426ರಲ್ಲಿ ಅವನು ಮಾಡಿದ ಒಂದು ಕೆಲಸ ನಾಲ್ಕೂವರೆ ಶತಮಾನ ಕಾಡಿತು. ಮಾರ್ ಪದವಿಯನ್ನು ರಾಜ 1ನೆಯ ಜೇಮ್ಸ್‌ಗೆ ಒಪ್ಪಿಸಿ, ಹೊಸ ಷರತ್ತಿನೊಂದಿಗೆ ಮರಳಿ ಪಡೆದ: ತನಗೆ, ತನ್ನ ನಂತರ ಮದುವೆಯಾಚೆಯ ಮಗ ಥಾಮಸ್‌ಗೆ, ಆ ಸಂತತಿ ನಿಂತರೆ ರಾಜನಿಗೆ.

ಒಪ್ಪಿಸಿ ಮರಳಿ ಪಡೆಯುವುದು ಸ್ಕಾಟಿಷ್ ಕಾನೂನಿನಲ್ಲಿ ಮಾಮೂಲಿ ಉಪಾಯ, ಅದರಲ್ಲಿ ತಪ್ಪಿಲ್ಲ. ಆದರೆ ಒಪ್ಪಿಸಲು ಹಕ್ಕಿರಬೇಕಲ್ಲ? ಜೀವನಾಂಶಕ್ಕೆಂದು ಕೊಟ್ಟ ಹೊಲವನ್ನು ಕ್ರಯಕ್ಕೆ ಬರೆದುಕೊಟ್ಟ ಹಾಗಾಯಿತು ಇದು. ಥಾಮಸ್ ತಂದೆಗಿಂತ ಮೊದಲೇ ಸತ್ತ. ಅಲೆಕ್ಸಾಂಡರ್ 1435ರಲ್ಲಿ ಸತ್ತ. ರಾಜ ಬಂದು ಸೀಮೆಯನ್ನು ವಶಮಾಡಿಕೊಂಡ.

ಇಸಬೆಲ್‌ಳ ನಿಜವಾದ ವಾರಸುದಾರ ತಾನು ಎಂದು ಎದ್ದವನು ರಾಬರ್ಟ್, ಲಾರ್ಡ್ ಅರ್ಸ್ಕಿನ್. ಅವಳ ಮುತ್ತಜ್ಜ ಗಾರ್ಟ್ನೆಟ್ ಅರ್ಲ್‌ನ ಮಗಳ ಸಂತತಿ ತನ್ನದು ಎಂಬುದು ಅವನ ವಾದ. 1438ರಲ್ಲಿ ವಿಚಾರಣಾ ಮಂಡಳಿ ಅವನನ್ನು ವಾರಸುದಾರನೆಂದು ಒಪ್ಪಿತು. ಅವನು ಅರ್ಲ್ ಆಫ್ ಮಾರ್ ಎಂದು ಸಹಿ ಹಾಕತೊಡಗಿದ. ರಾಜನ ಕಡೆಯವರು ಸುಲಭಕ್ಕೆ ಬಿಟ್ಟುಕೊಡಲಿಲ್ಲ. 1457ರಲ್ಲಿ ರಾಬರ್ಟ್‌ನ ಮಗ ಥಾಮಸ್ ಅರ್ಸ್ಕಿನ್‌ನ ಕಾಲಕ್ಕೆ ಪ್ರಕರಣ ಅಬರ್ಡೀನ್‌ನಲ್ಲಿ ಮತ್ತೆ ವಿಚಾರಣೆಗೆ ಬಂತು. ಪ್ರತಿವಾದಿ ರಾಜ 2ನೆಯ ಜೇಮ್ಸ್. ನ್ಯಾಯಸಭೆಯಲ್ಲಿ ಕುಳಿತವನೂ ಅವನೇ. ತೀರ್ಪು ಯಾರ ಪರ ಬಂತೆಂದು ಹೇಳಬೇಕಿಲ್ಲ. ಆಮೇಲೆ ನೂರು ವರ್ಷ ಮಾರ್ ಬಿರುದು ರಾಜಕುಮಾರರ, ರಾಜರ ಹತ್ತಿರದವರ ಕೈಯಿಂದ ಕೈಗೆ ಓಡಾಡಿತು. ಅರ್ಸ್ಕಿನ್‌ಗಳು ಬರೀ ಲಾರ್ಡ್ ಅರ್ಸ್ಕಿನ್ ಆಗಿ ಉಳಿದರು.

ಈಗ 1565. ವ್ಯಾಜ್ಯದ ಕೇಂದ್ರ ಇಲ್ಲಿದೆ. ಸ್ಕಾಟ್ಲೆಂಡಿನ ರಾಣಿ ಮೇರಿ ಜೂನ್ 23ರಂದು ಜಾನ್, ಲಾರ್ಡ್ ಅರ್ಸ್ಕಿನ್‌ಗೆ ಮಾರ್ ಸೀಮೆಯನ್ನು ಮರಳಿಸುವ ಸನ್ನದು ಕೊಟ್ಟಳು. ಇವನು ಕೌಂಟೆಸ್ ಇಸಬೆಲ್‌ಳ ನ್ಯಾಯವಾದ ವಾರಸುದಾರ, ಇವನ ಪೂರ್ವಜರಿಗೆ ಹಿಂದಿನವರು ಅನ್ಯಾಯ ಮಾಡಿದ್ದರು ಎಂಬ ಧಾಟಿಯಲ್ಲಿದೆ ಆ ಸನ್ನದು. ಅದು ಅವನ ‘ವಾರಸುದಾರರಿಗೆ’ ಎನ್ನುತ್ತದೆ. ‘ಗಂಡು ವಾರಸುದಾರರಿಗೆ ಮಾತ್ರ’ ಎನ್ನುವುದಿಲ್ಲ. ಜುಲೈ 29ರಂದು ಮೇರಿ ಡಾರ್ನ್ಲಿಯನ್ನು ಮದುವೆಯಾದಳು. ಆ ಹೊತ್ತಿನ ದಾಖಲೆಗಳಲ್ಲಿ ಜುಲೈ ಕೊನೆಗೆ ಲಾರ್ಡ್ ಅರ್ಸ್ಕಿನ್ ಆಗಿದ್ದವನು ಆಗಸ್ಟ್ ಮೊದಲಿಗೆ ಅರ್ಲ್ ಆಫ್ ಮಾರ್ ಆಗಿ ಕಾಣಿಸುತ್ತಾನೆ. ನಡುವೆ ಏನಾಯಿತು? ಅವನನ್ನು ಹೊಸದಾಗಿ ಅರ್ಲ್ ಮಾಡಿದ ಪತ್ರವೊಂದೂ ಇಲ್ಲ. ಅಂಥ ಪತ್ರವನ್ನು ಯಾರೂ ನೋಡಿಯೂ ಇಲ್ಲ. ಹಳೆಯ ಸೀಮೆ ಸಿಕ್ಕಿತು, ಅದರ ಜೊತೆಗಿದ್ದ ಹಳೆಯ ಹೆಸರನ್ನು ಧರಿಸಿದ ಎಂದು ಯಾರಿಗಾದರೂ ತೋಚುತ್ತದೆ. ಅಂದಿನವರಿಗೂ ತೋಚಿದ್ದು ಅದೇ.

ಇದಕ್ಕೆ ಎರಡು ಪುರಾವೆ ಸಾಕು. 1606ರಲ್ಲಿ ಸ್ಕಾಟ್ಲೆಂಡಿನ ಶ್ರೀಮಂತರನ್ನೆಲ್ಲ ಅವರವರ ಬಿರುದಿನ ಪ್ರಾಚೀನತೆಯ ಪ್ರಕಾರ ಸಾಲಾಗಿ ನಿಲ್ಲಿಸುವ ಆಜ್ಞೆಯೊಂದು ಹೊರಟಿತು. ಸಭೆಯಲ್ಲಿ ಯಾರ ಮುಂದೆ ಯಾರು ಎಂದು ಕತ್ತಿ ಹಿರಿಯುವ ಕಾಲ ಅದು, ಅಗ್ರಪೂಜೆ ಎಂದರೆ ತಮಾಷೆಯಲ್ಲ. ಆ ಪಟ್ಟಿಯಲ್ಲಿ ಮಾರ್ ಅರ್ಲ್ 15ನೆಯ ಶತಮಾನದಲ್ಲಿ ಬಿರುದು ಪಡೆದ ರಾಥಿಸ್ ಮತ್ತು ಮಾರ್ಟನ್ ಅರ್ಲ್‌ಗಳಿಗಿಂತ ಮುಂದಿದ್ದಾನೆ. 1565ರ ಹೊಸ ಅರ್ಲ್ ಆಗಿದ್ದರೆ ಆ ಜಾಗ ಸಿಗುತ್ತಿರಲಿಲ್ಲ. ಹಿಂದೆ ಸರಿಸಲ್ಪಟ್ಟವರು ಸುಮ್ಮನಿರುತ್ತಲೂ ಇರಲಿಲ್ಲ. ಎರಡನೆಯದು: ಇದೇ ಜಾನ್‌ನ ಮಗ, 6ನೆಯ ಜೇಮ್ಸ್ ರಾಜನ ಸಹಪಾಠಿ, ಕೈತಪ್ಪಿದ ಭೂಮಿಗಳಿಗಾಗಿ ಜೀವಮಾನವೆಲ್ಲ ದಾವೆ ಹೂಡಿದ. 1626ರಲ್ಲಿ ಎಲ್ಫಿನ್‌ಸ್ಟನ್ ಮನೆತನದಿಂದ ಕಿಲ್‌ಡ್ರಮ್ಮಿಯನ್ನು ಗೆದ್ದದ್ದು ಇಸಬೆಲ್‌ಳ ವಾರಸುದಾರನೆಂಬ ಹಕ್ಕಿನ ಮೇಲೆಯೇ. ನೀವು ನೋಡಿದ ಬ್ರೇಮಾರ್ ಕೋಟೆಯನ್ನು 1628ರಲ್ಲಿ ಕಟ್ಟಿಸಿದವನು ಈ ಹಟಮಾರಿ.

ನಿಮ್ಮ 1715ರ ಅರ್ಲ್ ಅವನ ವಂಶದವನೇ, ಜಾನ್ ಅರ್ಸ್ಕಿನ್. ಜನ ಅವನಿಗಿಟ್ಟ ಅಡ್ಡಹೆಸರು ‘ಬಾಬಿಂಗ್ ಜಾನ್’, ಅತ್ತಿತ್ತ ಓಲಾಡುವ ಜಾನ್. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅವನು ಎತ್ತಿದ ಕೈ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1707ರಲ್ಲಿ ಒಂದಾಗುವುದಕ್ಕೆ ದುಡಿದ, ಮಂತ್ರಿಯಾದ. ಹ್ಯಾನೋವರ್‌ನಿಂದ ಬಂದ 1ನೆಯ ಜಾರ್ಜ್ ಅವನನ್ನು ಕೆಲಸದಿಂದ ತೆಗೆದ ಕೂಡಲೇ ಎದುರು ಪಕ್ಷದ ಸ್ಟೂವರ್ಟ್ ರಾಜಕುಮಾರನ ಭಕ್ತನಾಗಿ 1715ರ ಸೆಪ್ಟೆಂಬರ್ 6ರಂದು ಬ್ರೇಮಾರ್‌ನಲ್ಲಿ ಧ್ವಜವೇರಿಸಿದ. ಏರಿಸುವಾಗ ಕಂಬದ ತುದಿಯ ಬಂಗಾರದ ಬಣ್ಣದ ಗುಂಡು ಕಳಚಿ ಬಿತ್ತೆಂದೂ ನೆರೆದ ಹೈಲ್ಯಾಂಡ್ ಜನರ ಮುಖ ಕಪ್ಪಿಟ್ಟಿತೆಂದೂ ಅಲ್ಲಿ ಇಂದಿಗೂ ಹೇಳುತ್ತಾರೆ. ನವೆಂಬರ್ 13ರಂದು ಶೆರಿಫ್‌ಮ್ಯೂರ್‌ನಲ್ಲಿ ಎದುರಾಳಿಗಿಂತ ಹೆಚ್ಚು ಸೈನ್ಯವಿದ್ದೂ ಅವನಿಗೆ ಗೆಲ್ಲಲಾಗಲಿಲ್ಲ. 1716ರಲ್ಲಿ ಫ್ರಾನ್ಸಿಗೆ ಪಲಾಯನ; ಹಿಂದೆಯೇ ರಾಜದ್ರೋಹದ ಕಾಯಿದೆ, ಬಿರುದು ರದ್ದು, ಆಸ್ತಿ ಮುಟ್ಟುಗೋಲು. ಕಿಲ್‌ಡ್ರಮ್ಮಿ ಪಾಳುಬಿದ್ದದ್ದು ಆಗ.

ಇನ್ನು ಬರುವ ಸಂಗತಿ ಒಬ್ಬ ವಕೀಲನಿಗೆ ಹಬ್ಬದೂಟ. ಬಾಬಿಂಗ್ ಜಾನ್‌ಗೆ ಫ್ರಾನ್ಸಿಸ್ ಎಂಬ ಮಗಳಿದ್ದಳು. ಅವಳು ತನ್ನ ಚಿಕ್ಕಪ್ಪನ ಮಗ ಜೇಮ್ಸ್ ಅರ್ಸ್ಕಿನ್‌ನನ್ನು ಮದುವೆಯಾದಳು. (ಈ ಚಿಕ್ಕಪ್ಪ ಲಾರ್ಡ್ ಗ್ರೇಂಜ್ ನ್ಯಾಯಾಧೀಶ, ಕಾಟ ತಾಳಲಾರದೆ ಹೆಂಡತಿಯನ್ನೇ ಅಪಹರಣ ಮಾಡಿಸಿ, ಅಟ್ಲಾಂಟಿಕ್ ನಡುವಿನ ಸೇಂಟ್ ಕಿಲ್ಡಾ ದ್ವೀಪಕ್ಕೆ ಸಾಗಹಾಕಿದ ಮಹಾನುಭಾವ. ಅದು ಇನ್ನೊಂದು ದಿನದ ಕಥೆ.) ಚಿಕ್ಕಪ್ಪನ ಮಗನೆಂದರೆ ನಮ್ಮಲ್ಲಿ ಅಣ್ಣತಮ್ಮ, ಮದುವೆಯ ಮಾತೇ ಏಳುವುದಿಲ್ಲ, ಅಲ್ಲಿ ಅಡ್ಡಿಯಿಲ್ಲ. ಅವರ ಮಗ ಜಾನ್ ಫ್ರಾನ್ಸಿಸ್. ತಾಯಿಯ ಕಡೆಯಿಂದ ಅವನು ಕೊನೆಯ ಅರ್ಲ್‌ನ ಮೊಮ್ಮಗ. ತಂದೆಯ ಕಡೆಯಿಂದ ಅರ್ಸ್ಕಿನ್ ವಂಶದ ಹಿರಿಯ ಗಂಡು. ಹೆಣ್ಣಿನ ದಾರಿಯೂ ಗಂಡಿನ ದಾರಿಯೂ ಒಬ್ಬನೇ ಮನುಷ್ಯನಲ್ಲಿ ಬಂದು ಕೂಡಿದ್ದವು. 1824ರಲ್ಲಿ ಪಾರ್ಲಿಮೆಂಟು ಕ್ಷಮೆಯ ಕಾಯಿದೆ ಮಾಡಿ ಬಿರುದನ್ನು ಮರಳಿ ಕೊಟ್ಟಾಗ, 80 ದಾಟಿದ್ದ ಆ ಮುದುಕನಿಗೆ ಯಾವ ದಾರಿಯಲ್ಲಿ ಬಂತು ಎಂದು ಕೇಳುವ ಅಗತ್ಯವೇ ಯಾರಿಗೂ ಬೀಳಲಿಲ್ಲ. ಆದರೂ ಕಾಯಿದೆ ಅವನನ್ನು ಕೊನೆಯ ಅರ್ಲ್‌ನ ಮೊಮ್ಮಗನೆಂದೇ ಗುರುತಿಸಿತು, ಮೊಮ್ಮಗನಾದದ್ದು ತಾಯಿಯಿಂದ. ಅವನು ಮರುವರ್ಷವೇ ತೀರಿಕೊಂಡ.

ದಾರಿಗಳು ಬೇರೆಯಾದದ್ದು ಅವನ ಮೊಮ್ಮಗನ ಸಾವಿನಲ್ಲಿ. ಆ ಅರ್ಲ್ 1835ರಲ್ಲಿ ದಾಯಾದಿಗಳ ಇನ್ನೊಂದು ಬಿರುದಾದ ‘ಅರ್ಲ್ ಆಫ್ ಕೆಲ್ಲಿ’ಯನ್ನೂ ಗಳಿಸಿದ್ದ. 1619ರಲ್ಲಿ ಹುಟ್ಟಿದ ಈ ಕೆಲ್ಲಿ ಬಿರುದು ಗಂಡು ಸಂತತಿಗೆ ಹೋಗುವಂಥದು, ಅದರಲ್ಲಿ ತಕರಾರಿಲ್ಲ. 1866ರ ಜೂನ್‌ನಲ್ಲಿ ಅವನು ಮಕ್ಕಳಿಲ್ಲದೆ ಸತ್ತಾಗ ಉಳಿದವರು ಇಬ್ಬರು: ಅಕ್ಕತಂಗಿಯ ಕಡೆಯಿಂದ ಸೋದರಳಿಯ ಜಾನ್ ಫ್ರಾನ್ಸಿಸ್ ಗುಡೀವ್, ಚಿಕ್ಕಪ್ಪನ ಕಡೆಯಿಂದ ದಾಯಾದಿ ವಾಲ್ಟರ್ ಕೋನಿಂಗ್ಸ್‌ಬಿ ಅರ್ಸ್ಕಿನ್. ಕೆಲ್ಲಿ ಬಿರುದು, ಆಲೋವಾ ಎಸ್ಟೇಟು, ಹಣ ಎಲ್ಲವೂ ದಾಯಾದಿಗೆ ಹೋಯಿತು. ಅಳಿಯನಿಗೆ ಒಂದು ಗುಂಟೆಯೂ ಸಿಗಲಿಲ್ಲ. ಮಾರ್ ಎಂಬ ಹಳೆಯ ಹೆಸರು ಮಾತ್ರ ತನ್ನದೆಂದು ಅವನು ಗುಡೀವ್-ಅರ್ಸ್ಕಿನ್ ಎಂದು ಹೆಸರು ಬದಲಿಸಿಕೊಂಡು ಅರ್ಲ್ ಆಫ್ ಮಾರ್ ಎಂದು ಸಹಿ ಹಾಕತೊಡಗಿದ.

ವಾಲ್ಟರ್ ಅರ್ಸ್ಕಿನ್ ನಮಗೆ ಅಪರಿಚಿತನಲ್ಲ. ಕಂಪನಿಯ ಬಂಗಾಳ ಸೇನೆಯಲ್ಲಿದ್ದವನು, 1857ರಲ್ಲಿ ಜಬಲ್ಪುರದ ಕಮಿಷನರ್. ಗೊಂಡ ರಾಜ ಶಂಕರ ಶಾಹ ಮತ್ತು ಅವನ ಮಗ ರಘುನಾಥ ಶಾಹರನ್ನು ಆ ಸೆಪ್ಟೆಂಬರ್‌ನಲ್ಲಿ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದ್ದು ಅವನ ಆಡಳಿತದಲ್ಲಿ, ಅದೇ ಊರಿನಲ್ಲಿ. ವಂಶಪಾರಂಪರ್ಯದ ಹಕ್ಕು ಎಂಬ ಮಾತನ್ನು ಗೊಂಡರ ರಾಜನ ಬಾಯಲ್ಲಿ ಕೇಳದವನು, ಹತ್ತು ವರ್ಷದ ನಂತರ ಲಂಡನ್ನಿನಲ್ಲಿ ಅದೇ ಮಾತು ಹಿಡಿದು ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಮುಂದೆ ಅರ್ಜಿ ಹಾಕಿದ. ಅವನು 1872ರಲ್ಲಿ ಸತ್ತ ಮೇಲೆ ಮಗ ಮುಂದುವರಿಸಿದ.

ಹಿಂದಿನ ಕಾಲದಲ್ಲಾಗಿದ್ದರೆ ಇಂಥ ವ್ಯಾಜ್ಯ ಎಡಿನ್‌ಬರೋದ ನ್ಯಾಯಾಲಯಕ್ಕೆ ಹೋಗುತ್ತಿತ್ತು. 1707ರ ನಂತರ ಅದನ್ನು ಲಾರ್ಡ್ಸ್ ಸಭೆಯ ಸಮಿತಿಯೇ ಕೇಳಿ ತೀರ್ಮಾನಿಸತೊಡಗಿತು. 1875ರಲ್ಲಿ ಅಭಿಪ್ರಾಯ ಕೊಟ್ಟವರು ಮೂವರು: ಕೇರ್ನ್ಸ್, ಚೆಲ್ಮ್ಸ್‌ಫರ್ಡ್, ರೆಡ್ಸ್‌ಡೇಲ್. ಒಬ್ಬರಾದರೂ ಸ್ಕಾಟಿಷ್ ಕಾನೂನು ಕಲಿತವರಲ್ಲ. ರೆಡ್ಸ್‌ಡೇಲ್ ವಕೀಲರೇ ಅಲ್ಲ. ಅವರ ತರ್ಕ ಹೀಗೆ: ಹಳೆಯ ಮಾರ್ ಪದವಿ ರಾಜನ ಕೈ ಸೇರಿ ಯಾವಾಗಲೋ ಮುಗಿದುಹೋಯಿತು. ಆದ್ದರಿಂದ 1565ರಲ್ಲಿ ಮೇರಿ ಕೊಟ್ಟದ್ದು ಹೊಸ ಬಿರುದೇ ಇರಬೇಕು. ಅದರ ಪತ್ರ ಇಲ್ಲ. ಪತ್ರವಿಲ್ಲದ ಬಿರುದು ಗಂಡು ಸಂತತಿಗೆ ಹೋಗುತ್ತದೆ ಎಂದು ಊಹಿಸಿಕೊಳ್ಳಬೇಕೆಂದು 18ನೆಯ ಶತಮಾನದಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದಾರೆ. ಹಾಗಾಗಿ ಕೆಲ್ಲಿ ಅರ್ಲ್, ಅಂದರೆ ವಾಲ್ಟರ್‌ನ ಮಗ, ಗೆದ್ದ.

ಇಲ್ಲಿ ಏನು ನಡೆದಿದೆ ನೋಡಿ. ಒಂದು ಊಹೆಯ ಮೇಲೆ ಇನ್ನೊಂದು ಊಹೆ. ಬಿರುದು ಹೊಸದಾಗಿ ಹುಟ್ಟಿತೆಂಬುದು ಮೊದಲ ಊಹೆ. ಆ ಹುಟ್ಟಿಗೆ ಪತ್ರವಿಲ್ಲದ್ದರಿಂದ ಅದು ಗಂಡಿನದೆಂಬುದು ಎರಡನೆಯದು. ಪತ್ರ ಸಿಗದಿರುವುದಕ್ಕೆ ಅಂಥ ಪತ್ರವೇ ಇರಲಿಲ್ಲ ಎಂಬ ಸರಳ ಕಾರಣವಿದ್ದೀತೆಂದು ಅವರು ಒಪ್ಪಲಿಲ್ಲ. 1606ರ ಪಟ್ಟಿಯನ್ನು ಬದಿಗಿಟ್ಟರು. ಇದೇ ಸಭೆ 1771ರಲ್ಲಿ ಇಷ್ಟೇ ಹಳೆಯದಾದ ಸದರ್ಲೆಂಡ್ ಅರ್ಲ್ ಪದವಿಯನ್ನು ಎಲಿಜಬೆತ್ ಎಂಬ ಪುಟ್ಟ ಹುಡುಗಿಗೆ ಕೊಟ್ಟಿತ್ತು. ಅದು ಹಿಂದೆ ಹೆಣ್ಣಿನ ಮೂಲಕ ಇಳಿದಿತ್ತೆಂಬುದೇ ಕಾರಣ. ಮಾರ್ ಕೂಡ ಹೆಣ್ಣಿನ ಮೂಲಕ ಇಳಿದಿತ್ತು. ನ್ಯಾಯಾಧೀಶರು ತಪ್ಪು ಮಾಡಬಾರದೆಂದಲ್ಲ, ಮಾಡುತ್ತಾರೆ. ಆದರೆ ಕೈಯಲ್ಲಿರುವ ಕಾಗದವನ್ನು ಬಿಟ್ಟು ಇಲ್ಲದ ಕಾಗದವನ್ನು ಓದಿದ ತೀರ್ಪು ನನ್ನ ಕಣ್ಣಿಗೆ ಬಿದ್ದದ್ದು ಇದೊಂದೇ.

ಸ್ಕಾಟ್ಲೆಂಡಿನಲ್ಲಿ ಗಲಾಟೆಯಾಯಿತು. ಕ್ರಾಫರ್ಡ್ ಅರ್ಲ್ ಈ ತೀರ್ಪಿನ ವಿರುದ್ಧ ಎರಡು ಸಂಪುಟಗಳನ್ನೇ ಬರೆದರು. ಅರ್ಲ್‌ಗಳಿಗೆ ಅಳಿಯನ ಮೇಲೆ ಪ್ರೀತಿ ಉಕ್ಕಿತೆಂದಲ್ಲ. ಪತ್ರವಿಲ್ಲದ ಬಿರುದು ಅನೇಕರ ಮನೆಯಲ್ಲಿತ್ತು, ಇಂದು ಮಾರ್ ಆದರೆ ನಾಳೆ ನಾವು ಎಂಬ ಭಯವೂ ಇದ್ದಿರಬೇಕು.

ಆದರೆ ಲಾರ್ಡ್ಸ್ ಸಭೆಯ ತೀರ್ಪಿನ ಮೇಲೆ ಮೇಲ್ಮನವಿ ಎಲ್ಲಿಗೆ? ತಮ್ಮ ತೀರ್ಪು ತಪ್ಪೆಂದು ಅವರು ಹೇಳುವ ಹಾಗಿರಲಿಲ್ಲ. ಆಗ ಯಾರೋ ಚತುರರು ಒಂದು ಸಂದಿ ಕಂಡುಹಿಡಿದರು. ಸಭೆ ತೀರ್ಮಾನಿಸಿದ್ದು 1565ರ ಬಿರುದಿನ ಬಗ್ಗೆ ತಾನೇ? ಹಳೆಯ ಬಿರುದಿನ ಬಗ್ಗೆ ಅನುಮಾನಗಳಿವೆ ಎನ್ನೋಣ. ಆ ಅನುಮಾನವನ್ನು ಕಾಯಿದೆಯಿಂದ ಪರಿಹರಿಸೋಣ. 1885ರಲ್ಲಿ ಮಾರ್ ಅರ್ಲ್ ಪದವಿಯ ಮರುಸ್ಥಾಪನೆ ಕಾಯಿದೆ ಬಂತು. ಪ್ರಾಚೀನ ಪದವಿ ಜೀವಂತವಾಗಿದೆ, ಅದು ಗುಡೀವ್-ಅರ್ಸ್ಕಿನ್‌ಗೆ ಸೇರಿದ್ದು ಎಂದಿತು. ಕೆಲ್ಲಿ ಅರ್ಲ್‌ಗೆ ಸಿಕ್ಕಿದ್ದ 1565ರ ಬಿರುದನ್ನು ಮುಟ್ಟಲಿಲ್ಲ. ತೀರ್ಪೂ ಉಳಿಯಿತು, ನ್ಯಾಯವೂ ಆಯಿತು, ಅರ್ಲ್‌ಗಳು ಇಬ್ಬರಾದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಳೆಯ ಬಿರುದಿನ ಹಿರಿತನವನ್ನು 1404ರಿಂದ ಲೆಕ್ಕ ಹಿಡಿಯುತ್ತಾರೆ. ಕಿಲ್‌ಡ್ರಮ್ಮಿ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತ ಇಸಬೆಲ್ ಈ ರೀತಿಯಲ್ಲಿ ಇಂದಿಗೂ ದಾಖಲೆಯಲ್ಲಿದ್ದಾಳೆ.

ನೀವು ಓದಿದ ಮಹಿಳೆ ಮಾರ್ಗರೆಟ್ ಆಫ್ ಮಾರ್, 31ನೆಯ ಕೌಂಟೆಸ್. ಗುಡೀವ್-ಅರ್ಸ್ಕಿನ್‌ನ ಮಗನಿಗೂ ಮಕ್ಕಳಾಗದೆ ಬಿರುದು ಸೋದರಿಯರ ಸಂತತಿಗೆ ಹೋಗಿ, ಮೊದಲು ಯಂಗ್, ಆಮೇಲೆ ಲೇನ್ ಎಂಬ ಸಾದಾ ಮನೆತನದ ಹೆಸರುಗಳ ಮೂಲಕ 1975ರಲ್ಲಿ ಅವರಿಗೆ ಬಂತು. ಸ್ಕಾಟಿಷ್ ಬಿರುದು ಹೊತ್ತ ಹೆಂಗಸರಿಗೆ ಲಾರ್ಡ್ಸ್ ಸಭೆಯ ಬಾಗಿಲು ತೆರೆದದ್ದೇ 1963ರ ಕಾಯಿದೆಯಿಂದ. 1999ರಲ್ಲಿ ವಂಶಪಾರಂಪರ್ಯದ ಸದಸ್ಯರನ್ನು ಹೊರಹಾಕಿ 92 ಮಂದಿಯನ್ನು ಮಾತ್ರ ಉಳಿಸಿದಾಗ ಅವರು ಆ 92ರಲ್ಲಿ ಒಬ್ಬರಾದರು. ಇವರದು ಕೋಟೆಯಲ್ಲಿ ಕೂತ ಬದುಕಲ್ಲ. ಇಂಗ್ಲೆಂಡಿನಲ್ಲಿ ಆಡು ಸಾಕಿ ಚೀಸ್ ಮಾಡುತ್ತಿದ್ದ ರೈತಮಹಿಳೆ. 1989ರಲ್ಲಿ ಕುರಿಗಳ ಉಣ್ಣೆಯ ಹುಳು ಕೊಲ್ಲಲು ಬಳಸುವ ಆರ್ಗನೋಫಾಸ್ಫೇಟ್ ದ್ರಾವಣ ಮೈಮೇಲೆ ಸಿಡಿದು ಕಾಯಿಲೆ ಬಿದ್ದರು. ಆಮೇಲೆ ಸಭೆಯಲ್ಲಿ ಆ ಕೀಟನಾಶಕಗಳ ವಿರುದ್ಧ ದಶಕಗಳ ಕಾಲ ಬಿಡದೆ ಪ್ರಶ್ನೆ ಕೇಳಿದರು. 2020ರಲ್ಲಿ ಅವರು ನಿವೃತ್ತರಾದಾಗ ಸಭೆಯಲ್ಲಿ ವಂಶಪಾರಂಪರ್ಯದಿಂದ ಬಂದ ಹೆಂಗಸರೇ ಉಳಿಯಲಿಲ್ಲ. ಅವರ ಮುಂದಿನ ವಾರಸುದಾರರೂ ಮಗಳೇ. ಇನ್ನೊಂದು ಬಿರುದು ಕೆಲ್ಲಿಯ ಜೊತೆ ಸೇರಿ ‘ಅರ್ಲ್ ಆಫ್ ಮಾರ್ ಅಂಡ್ ಕೆಲ್ಲಿ’ ಎಂದು ಅರ್ಸ್ಕಿನ್ ಮನೆತನದಲ್ಲಿದೆ. ಅದು ಗಂಡಸರಿಗೆ ಮಾತ್ರ. ಹೆಸರಿನ ಬಾಲ ನೋಡಿದರೆ ಯಾರು ಯಾರೆಂದು ತಿಳಿಯುತ್ತದೆ.

ಕೊನೆಗೆ ನಿಮ್ಮ ಮೂರು ಸಂಖ್ಯೆಗಳು. ಬಾಬಿಂಗ್ ಜಾನ್‌ನನ್ನು 6ನೆಯವನು ಎನ್ನುವ ಪುಸ್ತಕ 1875ರ ತೀರ್ಪನ್ನು ನಂಬಿದೆ. ಅದರ ಎಣಿಕೆ 1565ರಲ್ಲಿ ಶುರು. 23 ಎನ್ನುವ ಪುಸ್ತಕ ರುವಾರಿಯ ಕಾಲದ ಮೊರ್ಮೇರ್‌ಗಳಿಂದ ಎಣಿಸಿದೆ. 11 ಎಂಬುದು ನನಗೆ ತುಂಬ ಇಷ್ಟವಾದ ಲೆಕ್ಕ. ಅದು 1438ರ ರಾಬರ್ಟ್ ಅರ್ಸ್ಕಿನ್‌ನಿಂದ ಆರಂಭವಾಗಿ, 1565ಕ್ಕೆ ಮೊದಲು ಬದುಕಿದ್ದ ಐದು ತಲೆಮಾರಿನ ಲಾರ್ಡ್ ಅರ್ಸ್ಕಿನ್‌ಗಳನ್ನು ಸೇರಿಸಿಕೊಳ್ಳುತ್ತದೆ: ಅಬರ್ಡೀನ್‌ನಲ್ಲಿ ರಾಜನೆದುರು ಸೋತ ಥಾಮಸ್, 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಸತ್ತ ಇನ್ನೊಬ್ಬ ರಾಬರ್ಟ್, ಹೀಗೆ. ಸೀಮೆ ಅವರ ಕೈಯಲ್ಲಿರಲಿಲ್ಲ. ಅವರನ್ನು ಅರ್ಲ್ ಎಂದು ಯಾವ ರಾಜನೂ ಕರೆಯಲಿಲ್ಲ. ಎಣಿಸಿದವರು ಮಾತ್ರ ಐವರನ್ನೂ ಬಿಡದೆ ಎಣಿಸಿದ್ದಾರೆ.